ಪಂಚಾಯತಿಯವರೆಗೆ ಬಂದ ಫೈಬರ್ ಮನೆಗೆ ಬರಲು ರಾಜ್ಯ ಸರ್ಕಾರ ಏನು ಮಾಡಬೇಕು?

ಕಾಳಿ ಕೊಳ್ಳ, ಜೋಯಿಡಾ

ಬಜೆಟ್ ಪೂರ್ವ ಸಭೆಗಳು ಶುರುವಾಗುವ ಮೊದಲೇ ಈ ವಿಷಯವನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ. ಹಳ್ಳಿಗೆ ಬ್ರಾಡ್‌ಬ್ಯಾಂಡ್ ಬೇಕೆಂದು ಯಾವ ಜನಪ್ರತಿನಿಧಿಯ ಬಳಿ ಹೋದರೂ ಸಿಗುವ ಉತ್ತರ ಒಂದೇ: ‘ಅದು ಕೇಂದ್ರದ ವಿಷಯ, ನಮ್ಮ ಕೈಯಲ್ಲಿಲ್ಲ.’ ಸಂವಿಧಾನದ ಏಳನೇ ಅನುಸೂಚಿ ತೆರೆದು ನೋಡಿದರೆ ಅಂಚೆ, ತಂತಿ, ದೂರವಾಣಿ ಎಲ್ಲವೂ ಕೇಂದ್ರ ಪಟ್ಟಿಯ 31ನೇ ನಮೂದಿನಲ್ಲಿವೆ, ನಿಜ. ಆದರೆ ಫೈಬರ್, ಅಂದರೆ ಬೆಳಕಿನಲ್ಲಿ ಮಾಹಿತಿ ಸಾಗಿಸುವ ಗಾಜಿನ ಎಳೆಗಳ ಕೇಬಲ್, ಹಾದುಹೋಗುವ ದಾರಿ ಯಾರದು? ರಸ್ತೆ ಲೋಕೋಪಯೋಗಿ ಇಲಾಖೆಯದು ಅಥವಾ ಜಿಲ್ಲಾ ಪಂಚಾಯತಿಯದು. ಕಂಬ ವಿದ್ಯುತ್ ಕಂಪನಿ ಹೆಸ್ಕಾಂನದು. ಕಾಡು ಅರಣ್ಯ ಇಲಾಖೆಯದು. ಕೊನೆಗೆ ಇಂಟರ್ನೆಟ್ ಸಂಪರ್ಕದ ಪೆಟ್ಟಿಗೆ ಕೂರಿಸುವ ಗೋಡೆ ಗ್ರಾಮ ಪಂಚಾಯತಿಯದು. ಪರವಾನಗಿ ದೆಹಲಿಯಿಂದ ಬರುತ್ತದೆ. ದಾರಿ ಬಿಡಬೇಕಾದವರೆಲ್ಲ ಬೆಂಗಳೂರಿನ ಮಾತು ಕೇಳುವವರು.

ಹಿನ್ನೆಲೆ ತಿಳಿಯದವರಿಗಾಗಿ ಒಂದಿಷ್ಟು. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯತಿಗಳಿಗೆ ಫೈಬರ್ ಎಳೆಯುವುದು ಅದರ ಗುರಿ. ಮುಂದೆ ಅದೇ ಭಾರತ್‌ನೆಟ್ ಆಯಿತು. 2017ರ ಕೊನೆಗೆ ಮೊದಲ ಹಂತ ಮುಗಿಯಿತು ಎಂದಾಗ ಅದರಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಪಂಚಾಯತಿಗಳ ಪೈಕಿ ಕರ್ನಾಟಕದ ಬಹುತೇಕ ಪಂಚಾಯತಿಗಳೂ ಇದ್ದವು. ಎರಡನೇ ಹಂತದಲ್ಲಿ ಆಂಧ್ರ, ತೆಲಂಗಾಣ, ತಮಿಳುನಾಡು, ಮಹಾರಾಷ್ಟ್ರ, ಗುಜರಾತ್, ಒಡಿಶಾ, ಛತ್ತೀಸ್‌ಗಢ, ಜಾರ್ಖಂಡ್ ಹೀಗೆ ಎಂಟು ರಾಜ್ಯಗಳು ಕೆಲಸವನ್ನು ತಾವೇ ವಹಿಸಿಕೊಂಡವು. ಅವುಗಳಲ್ಲಿ ಹಲವು ಫೈಬರ್ ಎಳೆಯುವ, ನೋಡಿಕೊಳ್ಳುವ ತಮ್ಮದೇ ಕಂಪನಿಗಳನ್ನು ಕಟ್ಟಿಕೊಂಡವು. ನಮ್ಮ ಕೆಲಸ ದಾಖಲೆಯಲ್ಲಿ ಮೊದಲೇ ಮುಗಿದಿದ್ದರಿಂದ ಅಂಥ ಸಂಸ್ಥೆಯ ಅಗತ್ಯ ಯಾರಿಗೂ ಕಾಣಲಿಲ್ಲ. ಇವತ್ತಿನ ತೊಂದರೆಯ ಬೇರು ಅಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಪಂಚಾಯತಿ ಕಚೇರಿಯ ಗೋಡೆಯಲ್ಲಿ ಆ ಪೆಟ್ಟಿಗೆ ಇದೆ. ಚಾವಣಿಯ ಮೇಲೆ ಸೌರ ಫಲಕ, ಕೆಳಗೆ ಬ್ಯಾಟರಿ. ವಿದ್ಯುತ್ತಿನ ದೀಪ ಹಸಿರು. ಪಕ್ಕದ ಸಣ್ಣ ದೀಪ ಕೆಂಪಗೆ ಮಿಟುಕುತ್ತದೆ. ಕೆಂಪು ಎಂದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ, ದಾರಿಯಲ್ಲಿ ಎಲ್ಲೋ ತುಂಡಾಗಿದೆ ಎಂದರ್ಥ. ಆಷಾಢದ ಮಳೆಯಲ್ಲಿ ಹೋದದ್ದು ಚೌತಿ ಕಳೆದು ದೀಪಾವಳಿ ಬಂದರೂ ಹಾಗೆಯೇ ಇತ್ತು. ಡಾಟಾ ಎಂಟ್ರಿ ಆಪರೇಟರ್ ತನ್ನ ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿ, ಅದರ ಹಾಟ್‌ಸ್ಪಾಟ್ ಹಾಕಿಕೊಂಡು ಜನರಿಗೆ ಇ-ಸ್ವತ್ತು ನಮೂನೆ ತೆಗೆದುಕೊಡುತ್ತಾನೆ. ಸರ್ಕಾರದ ಲೆಕ್ಕದಲ್ಲಿ ನಮ್ಮದು ಫೈಬರ್ ತಲುಪಿದ ಪಂಚಾಯತಿ.

2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್‌ಗೆ ಒಪ್ಪಿಗೆ ಕೊಟ್ಟಿದೆ. ಪಂಚಾಯತಿಯಿಂದಾಚೆ ಹಳ್ಳಿಗಳಿಗೆ, ಮನೆಗಳಿಗೆ ಹೋಗುವ ಮಾತು ಅದರಲ್ಲಿದೆ. ಈ ಸಲವೂ ರಾಜ್ಯ ದೂರ ನಿಂತು ನೋಡಿದರೆ ಮೊದಲ ಹಂತದ ಕಥೆಯೇ ಮರುಕಳಿಸುತ್ತದೆ. ರಾಜ್ಯದ ನೀತಿಯಲ್ಲಿ ಏನಿರಬೇಕು? ಈ ಕ್ಷೇತ್ರ ಬಲ್ಲವರು ದಯವಿಟ್ಟು ಬರೆಯಿರಿ.

ನಿವೃತ್ತ ಜಾಯಿಂಟರ್, ಶಿವಮೊಗ್ಗ

ದೂರವಾಣಿ ಕೇಬಲ್ ಜೋಡಿಸುತ್ತಲೇ ಸೇವೆ ಮುಗಿಸಿದವನು ನಾನು. ಮೊದಲು ತಾಮ್ರ, ಆಮೇಲೆ ಫೈಬರ್. ಕೆಂಪು ದೀಪ ತಿಂಗಳುಗಟ್ಟಲೆ ಏಕೆ ಆರುವುದಿಲ್ಲ ಎಂಬುದನ್ನು ಹೇಳುತ್ತೇನೆ.

ಮೊದಲ ಹಂತದಲ್ಲಿ ತಾಲ್ಲೂಕು ಕೇಂದ್ರದಿಂದ ಪಂಚಾಯತಿಯವರೆಗೆ ಪೂರ್ತಿ ಹೊಸ ಕೇಬಲ್ ಹಾಕಿದ್ದಲ್ಲ. ತಾಲ್ಲೂಕಿನ ಎಕ್ಸ್‌ಚೇಂಜ್‌ನಿಂದ ಹೊರಟ ಹಳೆಯ ಸರ್ಕಾರಿ ಫೈಬರ್ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಅದನ್ನೇ ಬಳಸಿ, ಅಲ್ಲಿಂದ ಮುಂದೆ ಮಾತ್ರ ಹೊಸದನ್ನು ಎಳೆದರು. ಹಣ ಉಳಿಯಿತು. ಆದರೆ ಹಳೆಯ ಕೇಬಲ್‌ನಲ್ಲಿ ಅದಾಗಲೇ ಲೆಕ್ಕವಿಲ್ಲದಷ್ಟು ಜೋಡಣೆಗಳಿದ್ದವು. ಪ್ರತಿ ಜೋಡಣೆಯಲ್ಲಿಯೂ ಸ್ವಲ್ಪ ಬೆಳಕು ಸೋರುತ್ತದೆ. ಅದು ಒಂದು ಮಿತಿ ದಾಟಿದರೆ ಕೇಬಲ್ ತುಂಡಾಗದಿದ್ದರೂ ಪಂಚಾಯತಿಯ ಪೆಟ್ಟಿಗೆಗೆ ಬೆಳಕು ಸಾಲುವುದಿಲ್ಲ.

ಎರಡನೆಯದು ಜಾಲದ ಆಕಾರ. ಒಂದೇ ಎಳೆಯಾಗಿ ಹೋದ ಸಾಲು ಅದು. ಊರಿಗೆ ಒಂದೇ ಸೇತುವೆ ಇದ್ದು, ಅದು ಕೊಚ್ಚಿಹೋದರೆ ಆಚೆಯವರೆಲ್ಲ ಸಿಕ್ಕಿಹಾಕಿಕೊಳ್ಳುವ ಹಾಗೆ, ನಡುವೆ ಒಂದು ಕಡೆ ಕಡಿದರೆ ಮುಂದಿನ ಪಂಚಾಯತಿಗಳೆಲ್ಲ ಒಟ್ಟಿಗೆ ಆರಿಹೋಗುತ್ತವೆ. ಪರಿಷ್ಕೃತ ಯೋಜನೆಯಲ್ಲಿ ಉಂಗುರದ ಆಕಾರ ಎಂದಿದ್ದಾರೆ: ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ಇದು ಒಳ್ಳೆಯ ಬದಲಾವಣೆ. ಉಂಗುರದ ಎರಡೂ ತೋಳುಗಳು ಒಂದೇ ರಸ್ತೆಯ ಒಂದೇ ಬದಿಯಲ್ಲಿ ಹೋಗದಂತೆ ನೋಡಿಕೊಳ್ಳುವುದು ಮುಖ್ಯ. ಮಲೆನಾಡಿನಲ್ಲಿ ಅನೇಕ ಪಂಚಾಯತಿಗಳಿಗೆ ಇರುವುದೇ ಒಂದು ರಸ್ತೆ. ಎರಡನೇ ದಾರಿ ಕಾಡಿನ ಮೂಲಕವೋ ಕಂಬದ ಮೇಲೋ ಬರಬೇಕು. ಕಾಳಿ ಕೊಳ್ಳದವರು ಹೇಳಿದ ಮಾತು ಇಲ್ಲಿಗೇ ಬಂದು ನಿಲ್ಲುತ್ತದೆ: ಆ ಎರಡಕ್ಕೂ ಅನುಮತಿ ಕೊಡುವವರು ರಾಜ್ಯದವರೇ.

ಮೂರನೆಯದು ದುರಸ್ತಿ. ಕಡಿದ ಜಾಗ ಹುಡುಕುವುದು ಕಷ್ಟವೇ ಅಲ್ಲ. ಒಟಿಡಿಆರ್ ಎಂಬ ಉಪಕರಣ ತಾಲ್ಲೂಕು ಕೇಂದ್ರದಿಂದ ಬೆಳಕಿನ ಮಿಡಿತ ಕಳಿಸಿ, ಎಷ್ಟು ದೂರದಲ್ಲಿ ತುಂಡಾಗಿದೆ ಎಂದು ತೋರಿಸುತ್ತದೆ. ಅಲ್ಲಿಗೆ ಹೋಗಿ, ಗುಂಡಿ ತೋಡಿ, ಕೇಬಲ್‌ನ ಎರಡೂ ತುದಿ ಎಳೆದುಕೊಂಡು, ಕೂದಲಿನಷ್ಟು ಸಣ್ಣ ಎಳೆಗಳ ಮೇಲಿನ ಲೇಪ ಕಿತ್ತು, ಸ್ಪಿರಿಟ್‌ನಲ್ಲಿ ಒರೆಸಿ, ನೇರವಾಗಿ ಕತ್ತರಿಸಿ ಯಂತ್ರದಲ್ಲಿಟ್ಟರೆ ಕಿಡಿ ಹಾರಿ ಎರಡೂ ಬೆಸೆಯುತ್ತವೆ. 24 ಎಳೆಯ ಕೇಬಲ್ ಆದರೆ ಕೈ ಪಳಗಿದವರಿಗೆ ಅರ್ಧ ದಿನದ ಕೆಲಸ. ಕಷ್ಟ ಇರುವುದು ಅಲ್ಲಿಗೆ ಹೋಗುವ ಮನುಷ್ಯನಲ್ಲಿ. ನಾವೆಲ್ಲ ನಿವೃತ್ತರಾದೆವು, ಜಾಗ ತುಂಬಲಿಲ್ಲ. ಗುತ್ತಿಗೆದಾರನಿಗೆ ಬಿಲ್ ಪಾವತಿಯಾಗದಿದ್ದರೆ ಅವನ ಜೀಪು ಹೊರಡುವುದಿಲ್ಲ.

ಕಡಿಯುವವರು ಯಾರು ಎಂಬುದನ್ನೂ ಹೇಳಬೇಕು. ಕೇಬಲ್ 1.65 ಮೀಟರ್ ಆಳದಲ್ಲಿರಬೇಕೆಂಬುದು ನಿಯಮ. ಕಲ್ಲು ಸಿಕ್ಕಲ್ಲಿ ಆಳ ಕಡಿಮೆಯಾಗಿದೆ. ರಸ್ತೆ ಅಗಲ ಮಾಡುವಾಗ, ಜಲ ಜೀವನ್ ಮಿಷನ್‌ನ ಪೈಪ್ ಹಾಕುವಾಗ ಜೆಸಿಬಿ ಬಕೆಟ್‌ಗೆ ಮೊದಲು ಸಿಗುವುದೇ ಫೈಬರ್. ಅಗೆಯುವ ಮೊದಲು ತಿಳಿಸಬೇಕೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಒಂದು ಆ್ಯಪ್ ಬಿಟ್ಟಿದೆ. ರಾಜ್ಯದ ಕಾಮಗಾರಿಗಳ ಟೆಂಡರ್‌ನಲ್ಲಿಯೇ ಅದನ್ನು ಕಡ್ಡಾಯ ಮಾಡಿ, ಕಡಿದ ಗುತ್ತಿಗೆದಾರನ ಬಿಲ್‌ನಿಂದಲೇ ದುರಸ್ತಿಯ ಖರ್ಚು ಹಿಡಿಯಬೇಕು. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

ಬೆಂಗಳೂರಿನಲ್ಲಿರುವ ಸಾಗರದವನು

ಇಬ್ಬರ ಬರಹವನ್ನೂ ಗೌರವದಿಂದ ಓದಿದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ನೆಲ ಅಗೆದು ಇಷ್ಟೇ ಆಗಿದೆ ಎಂದಾದರೆ ಅದೇ ದಾರಿಗೆ ಮತ್ತೆ ಸಾರ್ವಜನಿಕ ಹಣ ಸುರಿಯುವುದೇಕೆ? 5ಜಿ ಬಂದಿದೆ, ಗೋಪುರದಿಂದ ಗಾಳಿಯಲ್ಲೇ ಮನೆಗೆ ಬ್ರಾಡ್‌ಬ್ಯಾಂಡ್ ಕೊಡುವ ಪೆಟ್ಟಿಗೆ ಸಿಗುತ್ತಿದೆ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಉಪಗ್ರಹ ಸೇವೆಯ ಪರವಾನಗಿ ಸಿಕ್ಕಿದೆ. ಮಲೆನಾಡಿನಂಥ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ಗುಡ್ಡ ಅಡ್ಡ. ಅಲ್ಲಿ ಕೇಬಲ್‌ಗೆ ಹಾಕುವ ದುಡ್ಡನ್ನು ಬಡ ಕುಟುಂಬಗಳಿಗೆ ನೇರ ಸಹಾಯಧನವಾಗಿ ಕೊಟ್ಟರೆ ಅವರಿಗೆ ಬೇಕಾದ ಸೇವೆಯನ್ನು ಅವರೇ ಆರಿಸಿಕೊಳ್ಳಬಹುದು. ರಾಜ್ಯ ಸರ್ಕಾರ ಇನ್ನೊಂದು ಕಂಪನಿ ಕಟ್ಟಿ, ಅದರ ನಷ್ಟವನ್ನು ಹೊರುವುದು ಬೇಡ ಎಂಬುದು ನನ್ನ ನಿಲುವು.

ನಿವೃತ್ತ ಜಾಯಿಂಟರ್, ಶಿವಮೊಗ್ಗ

ಸಾಗರದವರೇ, ಗೋಪುರಕ್ಕೂ ಫೈಬರ್ ಬೇಕಲ್ಲ! ನಿಮ್ಮ ಮನೆಯಿಂದ ಗೋಪುರದವರೆಗೆ ಗಾಳಿ ಸರಿ. ಗೋಪುರದಿಂದ ಮುಂದೆ ಜಗತ್ತಿಗೆ ಹೋಗಬೇಕಾದ ದಾರಿ? ಮಲೆನಾಡಿನ ಎಷ್ಟೋ ಗೋಪುರಗಳು ಗುಡ್ಡದಿಂದ ಗುಡ್ಡಕ್ಕೆ ಮೈಕ್ರೋವೇವ್ ತಟ್ಟೆಯ ಮೂಲಕ ನಡೆಯುತ್ತಿವೆ. ಫೋನಿನಲ್ಲಿ ನಾಲ್ಕು ಗೆರೆ ಸಿಗ್ನಲ್ ಕಾಣಿಸುತ್ತದೆ, ಸಂಜೆ ಏಳಕ್ಕೆ ಪುಟ ತೆರೆಯುವುದಿಲ್ಲ. ಒಂದು ತಟ್ಟೆ ಹೊರುವಷ್ಟನ್ನು ಊರಿನ ಜನರೆಲ್ಲ ಹಂಚಿಕೊಳ್ಳುತ್ತಿರುತ್ತಾರೆ. ಆ ಗೋಪುರಕ್ಕೆ ಫೈಬರ್ ಮುಟ್ಟಿಸಿದರೆ 4ಜಿ ಕೂಡ ಬೇರೆಯದೇ ಆಗಿ ಕಾಣುತ್ತದೆ. ಪಂಚಾಯತಿಗೆ ಬಂದ ಕೇಬಲ್‌ನಲ್ಲಿ ಬೆಳಗದೆ ಬಿದ್ದಿರುವ ಎಳೆಗಳನ್ನು ಮೊಬೈಲ್ ಕಂಪನಿಗಳಿಗೆ ಬಾಡಿಗೆಗೆ ಕೊಡಬಹುದು. ಭಾರತ್‌ನೆಟ್‌ನಲ್ಲಿ ಅದಕ್ಕೆ ಅವಕಾಶವಿದೆ. ಕೆಂಪು ದೀಪ ಮಿಟುಕುವ ಎಳೆಯನ್ನು ಯಾರು ಬಾಡಿಗೆಗೆ ತೆಗೆದುಕೊಳ್ಳುತ್ತಾರೆ?

ಮಂಜೇಶ್ವರದ ಮಾಸ್ತರರು

ಗಡಿಯ ಈಚೆಗಿನ ಕನ್ನಡಿಗನಾಗಿ ಕೇರಳದ ಅನುಭವ ಹೇಳುವುದು ನನ್ನ ಕರ್ತವ್ಯ. ಇಲ್ಲಿ ಕೆ-ಫೋನ್ ಎಂಬ ರಾಜ್ಯದ್ದೇ ಫೈಬರ್ ಜಾಲವಿದೆ. 2019ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿದಾಗ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಇಂಟರ್ನೆಟ್ ಪಡೆಯುವುದು ನಾಗರಿಕರ ಹಕ್ಕು ಎಂದರು. ಅದಕ್ಕೂ ಎರಡು ತಿಂಗಳ ಹಿಂದೆ, ಕಾಲೇಜು ಹಾಸ್ಟೆಲ್‌ನಲ್ಲಿ ಮೊಬೈಲ್ ಬಳಕೆಗೆ ಹಾಕಿದ್ದ ನಿರ್ಬಂಧವನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯೊಬ್ಬಳ ಅರ್ಜಿಯಲ್ಲಿ ಕೇರಳ ಹೈಕೋರ್ಟ್, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ತೀರ್ಪು ನೀಡಿತ್ತು.

ಯೋಜನೆಯ ವೆಚ್ಚ ಸುಮಾರು 1,500 ಕೋಟಿ ರೂಪಾಯಿ. ನನ್ನ ಮಟ್ಟಿಗೆ ಅದರಲ್ಲಿ ಅತ್ಯಂತ ಜಾಣತನದ ಸಂಗತಿ ಎಂದರೆ ಪಾಲುದಾರಿಕೆ. ರಾಜ್ಯದ ಐಟಿ ಮೂಲಸೌಕರ್ಯ ಕಂಪನಿ ಮತ್ತು ವಿದ್ಯುತ್ ಮಂಡಳಿ ಎರಡಕ್ಕೂ ಶೇ. 49ರಂತೆ ಸಮಪಾಲು, ಉಳಿದ ಶೇ. 2 ಸರ್ಕಾರದ್ದು. ಕಂಬದ ಒಡೆಯನೇ ಫೈಬರ್‌ನ ಒಡೆಯನೂ ಆದ ಮೇಲೆ ಕಂಬಕ್ಕಾಗಿ ಅರ್ಜಿ ಹಿಡಿದು ಅಲೆಯುವುದು ತಪ್ಪಿತು. ಬಹುಪಾಲು ಜಾಲ ವಿದ್ಯುತ್ ಕಂಬಗಳ ಮೇಲೆಯೇ ಬಂತು. ನೆಲ ಅಗೆಯುವ ಖರ್ಚು, ಕಾಲ ಎರಡೂ ಉಳಿದವು. 2022ರಲ್ಲಿ ಕೇಂದ್ರದ ಪರವಾನಗಿಗಳು ಸಿಕ್ಕವು. ದೂರಸಂಪರ್ಕ ಕೇಂದ್ರ ಪಟ್ಟಿಯಲ್ಲಿದೆ ಎಂಬುದು ಅಡ್ಡಿಯಾಗಲಿಲ್ಲ. ರಾಜ್ಯದ ಕಂಪನಿ ಬೇರೆಯವರಂತೆ ಅರ್ಜಿ ಹಾಕಿ ಪರವಾನಗಿ ಪಡೆಯಿತು.

ಉದ್ಘಾಟನೆ ಆದದ್ದು 2023ರ ಜೂನ್ 5ರಂದು. ಸುಮಾರು 30,000 ಸರ್ಕಾರಿ ಕಚೇರಿಗಳಿಗೆ ಸಂಪರ್ಕ, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಇಂಟರ್ನೆಟ್ ಎಂಬುದು ಘೋಷಣೆ. ಮೊದಲ ಹಂತದಲ್ಲಿ ಉಚಿತ ಸಂಪರ್ಕದ ಗುರಿ ಇಟ್ಟುಕೊಂಡದ್ದು ಒಂದು ವಿಧಾನಸಭಾ ಕ್ಷೇತ್ರಕ್ಕೆ 100 ಕುಟುಂಬ, ಅಂದರೆ 140 ಕ್ಷೇತ್ರಗಳಿಗೆ 14,000. ಇಪ್ಪತ್ತು ಲಕ್ಷಕ್ಕೂ ಹದಿನಾಲ್ಕು ಸಾವಿರಕ್ಕೂ ನಡುವೆ ಎಷ್ಟು ದೂರವಿದೆ ನೋಡಿ. ವಿರೋಧ ಪಕ್ಷ ವೆಚ್ಚದ ಬಗ್ಗೆ ಗಟ್ಟಿ ಪ್ರಶ್ನೆಗಳನ್ನು ಎತ್ತಿತು, ವಿಷಯ ಹೈಕೋರ್ಟಿನವರೆಗೆ ಹೋಯಿತು. ನೀವು ನಕಲು ಮಾಡುವುದಾದರೆ ಕಂಬದ ಪಾಲುದಾರಿಕೆಯನ್ನು ತೆಗೆದುಕೊಳ್ಳಿ. ಉಚಿತದ ದೊಡ್ಡ ಅಂಕಿಯನ್ನು ಘೋಷಿಸುವ ಮೊದಲು ಅದರ ತಿಂಗಳ ಖರ್ಚು ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂದು ಬರೆದಿಡಿ.

ಗಡಿ ಬಳ್ಳಾರಿ

ಮಾಸ್ತರರು ಪಡುವಣ ಗಡಿಯಿಂದ ಹೇಳಿದರು, ನಾನು ಮೂಡಣದಿಂದ ಹೇಳುತ್ತೇನೆ. ಆಂಧ್ರ ಇದೇ ಕೆಲಸವನ್ನು ಕೇರಳಕ್ಕಿಂತ ಮೊದಲು, ಕಂಬಗಳ ಮೇಲೆಯೇ ಎಳೆದು ಮಾಡಿತು. 2017ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ತಿಂಗಳಿಗೆ 149 ರೂಪಾಯಿಗೆ ಇಂಟರ್ನೆಟ್, ಟಿವಿ, ದೂರವಾಣಿ ಮೂರೂ! ಗುಂತಕಲ್ ಕಡೆಯ ನಮ್ಮ ನೆಂಟರ ಮನೆಯಲ್ಲಿ ಅದನ್ನು ಕಂಡು ನಮಗೆ ಆಸೆಯಾದದ್ದು ನಿಜ. ಆದರೆ ಆ ದರದಲ್ಲಿ ಉಪಕರಣದ ಖರ್ಚು, ಚಾನಲ್‌ಗಳ ಬಾಬ್ತು, ಸ್ಥಳೀಯ ಆಪರೇಟರ್‌ನ ಪಾಲು ಎಲ್ಲವೂ ಹುಟ್ಟಬೇಕಿತ್ತು. ಸರ್ಕಾರ ಬದಲಾಯಿತು, ಗುತ್ತಿಗೆಯ ಬಗ್ಗೆ ಸಿಐಡಿ ಪ್ರಕರಣ ದಾಖಲಾಯಿತು, ಜಾಲ ರಾಜಕೀಯದ ಜಗಳವಾಯಿತು. ಮಳೆಗಾಲದಲ್ಲಿ ಕಂಬ ಬಿದ್ದರೆ ಎತ್ತುವವರಿಗೆ ಈ ಜಗಳ ಬೇಡ. ಆದ್ದರಿಂದ ನನ್ನ ಒತ್ತಾಯ ಒಂದೇ: ರಾಜ್ಯ ಫೈಬರ್ ಇಟ್ಟುಕೊಳ್ಳಲಿ, ಮನೆಗೆ ಮಾರುವ ಅಂಗಡಿ ತೆರೆಯುವುದು ಬೇಡ. ಎಳೆಗಳನ್ನು ಎಲ್ಲರಿಗೂ ಒಂದೇ ದರಕ್ಕೆ ಸಗಟು ಬಾಡಿಗೆಗೆ ಕೊಡಲಿ.

ಅರಿವು ಕೇಂದ್ರ, ಸಿಂಧನೂರು ತಾಲ್ಲೂಕು

ಎಲ್ಲ ಅಣ್ಣಂದಿರಿಗೂ ನಮಸ್ಕಾರ. ನಾನು ಗ್ರಾಮ ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕಿ. ಚರ್ಚೆ ಕಾಡು, ಗುಡ್ಡದ ಸುತ್ತ ನಡೆಯುತ್ತಿದೆ. ನಮ್ಮದು ಬಯಲು. ಕಾಲುವೆ, ಭತ್ತದ ಗದ್ದೆ, ನೇರ ರಸ್ತೆ. ಕೇಬಲ್ ಎಳೆಯಲು ಇದಕ್ಕಿಂತ ಸುಲಭದ ನೆಲ ಸಿಗಲಾರದು. ಆದರೂ ನಮ್ಮಲ್ಲಿ ಪೆಟ್ಟಿಗೆ ನಡೆಯುವುದಿಲ್ಲ. ಅದನ್ನು ಇಟ್ಟಿರುವುದು ಪಂಚಾಯತಿ ಕಚೇರಿಯ ಒಳಕೋಣೆಯಲ್ಲಿ. ಸಂಜೆ ಬೀಗ ಹಾಕುವಾಗ ಮೇನ್ ಸ್ವಿಚ್ ತೆಗೆಯುತ್ತಾರೆ. ಬ್ಯಾಟರಿ ಸತ್ತು ಬಹಳ ಕಾಲವಾಯಿತು. ಹೊಸದನ್ನು ಯಾರು ಕೊಡಿಸಬೇಕೆಂದು ಪಂಚಾಯತಿಯವರು ಪೆಟ್ಟಿಗೆ ಹಾಕಿದವರನ್ನು ಕೇಳುತ್ತಾರೆ, ಅವರು ಪಂಚಾಯತಿಯನ್ನು ಕೇಳುತ್ತಾರೆ. ಹುಡುಗರು ಗ್ರಂಥಾಲಯಕ್ಕೆ ಬರುವುದು ಶಾಲೆ ಬಿಟ್ಟ ಮೇಲೆ, ಆ ಹೊತ್ತಿಗೆ ಸಂಪರ್ಕ ಇರುವುದಿಲ್ಲ.

ನನಗೆ ನೆನಪಿರುವುದು 2020. ಶಾಲೆ ಮುಚ್ಚಿದಾಗ ಆನ್‌ಲೈನ್ ಪಾಠ ಹಳ್ಳಿಯ ಮಕ್ಕಳಿಗೆ ಮುಟ್ಟುವುದಿಲ್ಲವೆಂದು ಸರ್ಕಾರವೇ ಒಪ್ಪಿ ಆಗಸ್ಟ್‌ನಲ್ಲಿ ವಿದ್ಯಾಗಮ ಶುರು ಮಾಡಿತು. ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಿನಲ್ಲಿ ಮೇಷ್ಟ್ರುಗಳು ಪಾಠ ಮಾಡಿದರು. ಸೋಂಕು ಹರಡಿದ್ದರಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಮರುವರ್ಷ ಸುಳ್ಯದ ಕಡೆ ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು. ಆಗ ನಮ್ಮ ಊರಿನ ಪಂಚಾಯತಿಗೂ ಸುಳ್ಯದ ಪಂಚಾಯತಿಗಳಿಗೂ ಫೈಬರ್ ಬಂದು ವರ್ಷಗಳೇ ಆಗಿದ್ದವು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಇವತ್ತು ಉದ್ಯೋಗ ಖಾತ್ರಿ ಕೂಲಿಯ ಹಾಜರಿ ಹಾಕಲು ಆ್ಯಪ್, ಬೆಳೆ ಸಮೀಕ್ಷೆಗೆ ಆ್ಯಪ್, ಪಡಿತರಕ್ಕೆ ಬೆರಳಚ್ಚು. ನೆಟ್‌ವರ್ಕ್ ಇಲ್ಲದೆ ಹೊಟ್ಟೆಗೆ ಹಿಟ್ಟಿಲ್ಲ ಎನ್ನುವ ಸ್ಥಿತಿಗೆ ಸರ್ಕಾರವೇ ನಮ್ಮನ್ನು ತಂದ ಮೇಲೆ ನೆಟ್‌ವರ್ಕ್ ನಮ್ಮ ಹೊಣೆಯಲ್ಲ ಎಂದರೆ ಹೇಗೆ ಅಣ್ಣ? ನೀತಿಯಲ್ಲಿ ಒಂದು ಸಾಲು ಸೇರಿಸಿ: ಪೆಟ್ಟಿಗೆಯ ವಿದ್ಯುತ್, ಬ್ಯಾಟರಿ ಪಂಚಾಯತಿಯ ಲೆಕ್ಕಕ್ಕೆ ಬರಬೇಕು, ಅದಕ್ಕೆಂದೇ ಅನುದಾನ ಬರಬೇಕು, ಸಂಪರ್ಕ ಗ್ರಂಥಾಲಯ, ಶಾಲೆ, ಅಂಗನವಾಡಿ, ಆರೋಗ್ಯ ಉಪಕೇಂದ್ರಗಳಿಗೆ ಮೊದಲು ಮುಟ್ಟಬೇಕು.

ಬೆಂಗಳೂರಿನಲ್ಲಿರುವ ಸಾಗರದವನು

ಮೇಡಂ, ನಿಮ್ಮ ಬರಹ ಓದಿದ ಮೇಲೆ ಒಂದನ್ನು ಒಪ್ಪುತ್ತೇನೆ: ಶಾಲೆ, ಆರೋಗ್ಯ ಕೇಂದ್ರಗಳ ಸಂಪರ್ಕವನ್ನು ಮಾರುಕಟ್ಟೆಗೆ ಬಿಡಲಾಗದು. ಮನೆಗಳ ವಿಷಯದಲ್ಲಿ ನನ್ನ ಅನುಮಾನ ಹಾಗೆಯೇ ಇದೆ.

ಕೇಬಲ್ ಆಪರೇಟರ್, ಕೊಪ್ಪ

ಮನೆಗಳ ವಿಷಯಕ್ಕೆ ನಾನು ಬರುತ್ತೇನೆ ಸರ್. ಟಿವಿ ಕೇಬಲ್ ಕಾಲದಿಂದ ಈ ಕೆಲಸದಲ್ಲಿದ್ದೇನೆ. ಮಲೆನಾಡಿನಲ್ಲಿ ಮನೆಗೆ ಫೈಬರ್ ಕೊಡುತ್ತಿರುವವರು ದೊಡ್ಡ ಕಂಪನಿಗಳಲ್ಲ, ನಮ್ಮಂಥವರು. ಸರ್ಕಾರಿ ಕಂಪನಿಯಿಂದಲೋ ಖಾಸಗಿಯವರಿಂದಲೋ ಸಂಪರ್ಕ ಪಡೆದು, ಅಡಿಕೆ ಮರ, ಹಲಸಿನ ಮರ, ಸಿಕ್ಕಿದ ಕಂಬದ ಮೇಲೆ ಎಳೆದು ತೋಟದ ಮನೆಗೆ ಮುಟ್ಟಿಸುತ್ತೇವೆ. ಒಂಟಿ ಮನೆಗೆ ಒಂದು ಕಿಲೋಮೀಟರ್ ಎಳೆಯಬೇಕಾದರೆ ಆ ಮನೆಯವರ ತಿಂಗಳ ಬಾಡಿಗೆಯಿಂದ ಕೇಬಲ್‌ನ ಹಣ ಹುಟ್ಟಲು ವರ್ಷಗಳು ಬೇಕು. ಅಷ್ಟರಲ್ಲಿ ಮಂಗ ಹರಿಯುತ್ತದೆ, ಮರ ಬೀಳುತ್ತದೆ, ಸಿಡಿಲಿಗೆ ಉಪಕರಣ ಸುಡುತ್ತದೆ. ಹಾಗಿದ್ದೂ ಜನ ಬಿಡುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು ಮನೆಯಲ್ಲೇ ಇದ್ದು ದುಡಿಯಲಿ, ತೋಟ ನೋಡಿಕೊಳ್ಳಲಿ ಎಂದು ಹಿರಿಯರೇ ಬಂದು ಕೇಳುತ್ತಾರೆ.

ಪರಿಷ್ಕೃತ ಭಾರತ್‌ನೆಟ್‌ನಲ್ಲಿ ‘ಉದ್ಯಮಿ’ ಎಂಬ ಹೆಸರಿನಲ್ಲಿ ನಮ್ಮಂಥವರನ್ನೇ ಸೇರಿಸಿಕೊಂಡು ಆದಾಯ ಹಂಚುವ ವ್ಯವಸ್ಥೆ ಇದೆ. ಅದು ಸರಿಯಾದ ದಾರಿ. ನಮ್ಮನ್ನು ಕಟ್ಟಿಹಾಕಿರುವುದು ಕಂಬ. ಕೇರಳದಲ್ಲಿ ಒಂದೇ ವಿದ್ಯುತ್ ಮಂಡಳಿ. ಇಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರಿನ ಸೆಸ್ಕ್ ಎಂದು ಐದು. ಊರಿನ ಲೈನ್‌ಮನ್ ಸಹಾಯ ಮಾಡಿದರೆ ಕೇಬಲ್ ಉಳಿಯುತ್ತದೆ, ಮೇಲಿನಿಂದ ಸುತ್ತೋಲೆ ಬಂದ ದಿನ ಕತ್ತರಿಸಿ ಬೀಳುತ್ತದೆ. ಹಣ ಕಟ್ಟಲು ತಯಾರಿದ್ದೇವೆ. ರಾಜ್ಯಕ್ಕೆಲ್ಲ ಒಂದೇ ದರ, ಹಳ್ಳಿಯ ಕಂಬಕ್ಕೆ ಕಡಿಮೆ ದರ, ಒಂದು ರಸೀದಿ ಕೊಡಲಿ. ಆ ರಸೀದಿ ಕೈಯಲ್ಲಿದ್ದರೆ ಬ್ಯಾಂಕಿನಿಂದ ಸಾಲ ಸಿಗುತ್ತದೆ, ಒಳ್ಳೆಯ ಕೇಬಲ್ ತರುತ್ತೇವೆ. ಇವತ್ತು ನಾಳೆಯ ಭರವಸೆ ಇಲ್ಲದ್ದರಿಂದ ಅಗ್ಗದ ಕೇಬಲ್ ಎಳೆಯುತ್ತೇವೆ, ಅದು ಜೋತುಬೀಳುತ್ತದೆ.

ಕಂಬ ಹತ್ತಿದವನು

ವಿದ್ಯುತ್ ಇಲಾಖೆಯ ಕಡೆಯಿಂದಲೂ ಒಂದು ಮಾತು ಇರಲಿ. ಕಂಬ ನಮ್ಮ ಹುಡುಗರ ಪ್ರಾಣದ ಪ್ರಶ್ನೆ. ಜೋತುಬಿದ್ದ ಕೇಬಲ್‌ಗೆ ಕಾಲು ಸಿಕ್ಕಿಸಿಕೊಂಡು, ಸುತ್ತಿಟ್ಟ ಸುರುಳಿಗಳ ನಡುವೆ ಏಣಿ ಇಡಲು ಜಾಗವಿಲ್ಲದೆ ಪಡುವ ಪಾಡು ಹೊರಗಿನವರಿಗೆ ಗೊತ್ತಿಲ್ಲ. ಬೆಂಗಳೂರಿನಲ್ಲಿ ಅನಧಿಕೃತ ಕೇಬಲ್‌ಗಳನ್ನು ತೆರವು ಮಾಡಬೇಕಾಗಿ ಬಂದದ್ದು ಪಾದಚಾರಿಗಳಿಗೆ ಅಪಾಯವಾಗುತ್ತಿದ್ದುದರಿಂದಲೇ. ಕೊಪ್ಪದವರ ರಸೀದಿಯ ಬೇಡಿಕೆ ನ್ಯಾಯವಾದದ್ದು, ಜೊತೆಗೆ ಮೂರು ಷರತ್ತು ಇರಲಿ: ಒಂದು ಕಂಬದ ಮೇಲೆ ಇಷ್ಟೇ ಕೇಬಲ್ ಎಂಬ ಮಿತಿ, ವಿದ್ಯುತ್ ತಂತಿಯಿಂದ ನಿಗದಿತ ಅಂತರ, ಪ್ರತಿ ಕೇಬಲ್‌ನ ಮೇಲೆ ಒಡೆಯನ ಗುರುತು. ಹತ್ತು ಆಪರೇಟರ್‌ಗಳು ಹತ್ತು ಕೇಬಲ್ ಎಳೆಯುವ ಬದಲು ರಾಜ್ಯದ್ದೇ ಒಂದು ಗಟ್ಟಿ ಕೇಬಲ್ ಇದ್ದು ಅದರೊಳಗಿನ ಎಳೆಗಳನ್ನು ಎಲ್ಲರೂ ಹಂಚಿಕೊಂಡರೆ ಕಂಬವೂ ಉಳಿಯುತ್ತದೆ, ನಾವೂ ಉಳಿಯುತ್ತೇವೆ. ಬಳ್ಳಾರಿಯವರು ಹೇಳಿದ ಸಗಟು ಬಾಡಿಗೆಗೆ ನನ್ನ ಪೂರ್ಣ ಬೆಂಬಲವಿದೆ.

ಶಿರಸಿಯ ವಕೀಲೆ

ಕಾಡಿನ ಅನುಮತಿಯ ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ. ‘ಅರಣ್ಯ ಇಲಾಖೆ ಬಿಡುವುದಿಲ್ಲ’ ಎಂಬ ಒಂದೇ ವಾಕ್ಯದಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಕೆಲಸಗಳು ನಿಂತುಹೋಗುತ್ತವೆ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2) ಓದಿ ನೋಡಿ. ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮುಂತಾದ 13 ಸಾರ್ವಜನಿಕ ಸೌಲಭ್ಯಗಳಿಗೆ ಅರಣ್ಯ ಭೂಮಿ ಕೊಡಲು ಅಲ್ಲಿ ಅವಕಾಶವಿದೆ. ಆ ಪಟ್ಟಿಯಲ್ಲಿ ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗಗಳೂ ಇವೆ. ಅರಣ್ಯ ಸಂರಕ್ಷಣಾ ಕಾಯ್ದೆಯಲ್ಲಿ ಏನೇ ಇದ್ದರೂ ಇದು ಅನ್ವಯಿಸುತ್ತದೆ ಎಂದು ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಷರತ್ತುಗಳು ಹೀಗಿವೆ: ಒಂದೊಂದು ಕೆಲಸಕ್ಕೆ ಬೇಕಾದ ಜಾಗ ಒಂದು ಹೆಕ್ಟೇರ್‌ಗಿಂತ ಕಡಿಮೆ ಇರಬೇಕು, ಹೆಕ್ಟೇರ್‌ಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಕಡತ ದೆಹಲಿಗೆ ಹೋಗಬೇಕಾಗಿಲ್ಲ, ಜಿಲ್ಲೆಯಲ್ಲಿ ವಿಭಾಗೀಯ ಅರಣ್ಯಾಧಿಕಾರಿ (ಡಿಎಫ್ಒ) ಹಂತದಲ್ಲಿಯೇ ತೀರ್ಮಾನವಾಗುತ್ತದೆ. ಇರುವ ರಸ್ತೆಯ ಅಂಚಿನಲ್ಲಿ ಫೈಬರ್ ಹೂಳಲು ಮರ ಕಡಿಯುವ ಪ್ರಸಂಗವೇ ಬರುವುದಿಲ್ಲ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಈ ಸೌಲಭ್ಯಗಳು ‘ಸರ್ಕಾರ ನಿರ್ವಹಿಸುವ’ ಸೌಲಭ್ಯಗಳಾಗಿರಬೇಕು. ಖಾಸಗಿ ಕಂಪನಿಯ ಕೇಬಲ್‌ಗೆ ಈ ದಾರಿ ತೆರೆಯುವುದಿಲ್ಲ. ಸಾಗರದವರು ರಾಜ್ಯದ ಕಂಪನಿ ಏಕೆ ಬೇಕು ಎಂದು ಕೇಳಿದ್ದರು. ಕಾಡಂಚಿನ ಹಳ್ಳಿಗಳ ಮಟ್ಟಿಗೆ ಉತ್ತರ ಈ ಕಾನೂನಿನಲ್ಲಿಯೇ ಇದೆ. ಎರಡನೆಯದು, ಜೋಯಿಡಾದಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಊರುಗಳಿಗೆ ವನ್ಯಜೀವಿ ಕಾಯ್ದೆಯೂ ಅನ್ವಯಿಸುತ್ತದೆ. ಅಂಥ ಊರುಗಳ ಪಟ್ಟಿಯನ್ನು ಬೇರೆ ಮಾಡಿ, ಅವಕ್ಕೆ ಗೋಪುರವೋ ಉಪಗ್ರಹವೋ ಎಂದು ನೋಡಬೇಕು. ಅಲ್ಲಿ ಸಾಗರದವರ ಸಲಹೆ ಉಪಯೋಗಕ್ಕೆ ಬರುತ್ತದೆ.

ರಸ್ತೆ ಬದಿಯ ಅನುಮತಿಗೆ ಕೇಂದ್ರದ ಹೊಸ ಮಾರ್ಗಾಧಿಕಾರ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. 2023ರ ದೂರಸಂಪರ್ಕ ಕಾಯ್ದೆಯಡಿ ಬಂದವು ಅವು. ಅರ್ಜಿಯನ್ನು ಕಾಲಮಿತಿಯಲ್ಲಿ ತೀರ್ಮಾನಿಸಬೇಕೆಂದು ಅವು ಹೇಳುತ್ತವೆ. ಪಂಚಾಯತಿ, ಲೋಕೋಪಯೋಗಿ, ನೀರಾವರಿ ನಿಗಮ ಎಲ್ಲವೂ ತಮ್ಮ ಕೆಳಹಂತದ ಎಂಜಿನಿಯರ್‌ಗಳಿಗೆ ಇದನ್ನು ಕನ್ನಡದಲ್ಲಿ ತಿಳಿಸಿ ಆದೇಶ ಹೊರಡಿಸದಿದ್ದರೆ ನಿಯಮ ಕಾಗದದಲ್ಲಿ ಉಳಿಯುತ್ತದೆ.

ಕಾಳಿ ಕೊಳ್ಳ, ಜೋಯಿಡಾ

ವಕೀಲರೇ, ತುಂಬಾ ಉಪಕಾರವಾಯಿತು. ಎಲ್ಲರ ಮಾತನ್ನೂ ಸೇರಿಸಿ ಒಂದು ಮನವಿ ಬರೆಯುತ್ತಿದ್ದೇನೆ. ಗ್ರಾಮೀಣಾಭಿವೃದ್ಧಿ, ಇಂಧನ, ಐಟಿ ಮೂರೂ ಇಲಾಖೆಗಳಿಗೆ ಒಂದೇ ಪ್ರತಿ ಹೋಗಲಿ ಎಂದುಕೊಂಡಿದ್ದೇನೆ. ತಿರುಳು ಇಷ್ಟು: ಎಸ್ಕಾಂಗಳು, ಅಂದರೆ ಆ ಐದು ವಿದ್ಯುತ್ ಕಂಪನಿಗಳು, ಪಾಲುದಾರರಾಗಿರುವ ರಾಜ್ಯದ ಫೈಬರ್ ಸಂಸ್ಥೆ ಬರಲಿ, ಅದು ಸಗಟು ಬಾಡಿಗೆ ಮಾತ್ರ ಮಾಡಲಿ. ತಾಲ್ಲೂಕಿಗೊಂದು ದುರಸ್ತಿ ತಂಡವಿರಲಿ, ಅದರಲ್ಲಿ ಊರಿನ ಐಟಿಐ ಹುಡುಗ, ಹುಡುಗಿಯರಿಗೆ ಕೆಲಸ ಸಿಗಲಿ. ಪೆಟ್ಟಿಗೆಯ ಬ್ಯಾಟರಿ, ವಿದ್ಯುತ್ತಿಗೆ ಪಂಚಾಯತಿಗೆ ಅನುದಾನ ಬರಲಿ. ಕೇಬಲ್ ಕಡಿದವರಿಂದ ವಸೂಲಿ ಆಗಲಿ. ಇನ್ನೊಂದು ನನ್ನ ಕಡೆಯಿಂದ: ಪ್ರತಿ ಪಂಚಾಯತಿಯ ದೀಪ ಹಸಿರಿದೆಯೋ ಕೆಂಪಿದೆಯೋ ಎಂಬುದನ್ನು ಆಯಾ ದಿನವೇ ಸಾರ್ವಜನಿಕರು ನೋಡುವಂತೆ ಜಾಲತಾಣದಲ್ಲಿ ಹಾಕಬೇಕು. ಎಷ್ಟು ಕಿಲೋಮೀಟರ್ ಕೇಬಲ್ ಎಳೆದೆವು ಎಂಬ ಲೆಕ್ಕ ಬೇಡ, ಎಷ್ಟು ಗಂಟೆ ಬೆಳಗಿತು ಎಂಬ ಲೆಕ್ಕ ಬೇಕು.

ಬರುವ ಗ್ರಾಮಸಭೆಯಲ್ಲಿ ಕಾಡಿನ ದಾರಿಗೆ ಠರಾವು ಮಾಡಿಸಬೇಕೆಂದಿದ್ದೇವೆ. ಪಂಚಾಯತಿಯ ಗ್ರಾಮಸಭೆ ಸಾಕೇ?

ಶಿರಸಿಯ ವಕೀಲೆ

ಸಾಲದು. ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಎಂದರೆ ಆ ಹಳ್ಳಿಯ ವಯಸ್ಕರೆಲ್ಲರ ಸಭೆ. ಹಲವು ಹಳ್ಳಿಗಳನ್ನು ಸೇರಿಸಿದ ಪಂಚಾಯತಿಯ ಸಭೆ ಬೇರೆ. ಕೇಬಲ್ ಹಾದುಹೋಗುವ ಒಂದೊಂದು ಹಳ್ಳಿಯಲ್ಲಿಯೂ ಪ್ರತ್ಯೇಕ ಸಭೆ ಕರೆಯಿರಿ. ಹಾಜರಿ ಪುಸ್ತಕದಲ್ಲಿ ಹೆಂಗಸರ ಸಹಿಯೂ ಇರಲಿ. ಠರಾವಿನಲ್ಲಿ ಸರ್ವೆ ನಂಬರ್, ಬೇಕಾದ ಉದ್ದ, ಅಗಲ, ಮರ ಕಡಿಯುವುದಿಲ್ಲ ಎಂಬ ಮಾತು ಬರೆಯಿರಿ. ಅರ್ಜಿ ಹಾಕಬೇಕಾದದ್ದು ಕಾಮಗಾರಿ ಮಾಡುವ ಸರ್ಕಾರಿ ಸಂಸ್ಥೆ. ಆದ್ದರಿಂದ ಅವರ ಕೈಗೆ ಠರಾವಿನ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದು ಪ್ರತಿ ವಲಯ ಅರಣ್ಯಾಧಿಕಾರಿಗೆ ಹೋಗಲಿ. ಕರಡು ಸಿದ್ಧವಾದ ಕೂಡಲೇ ಇಲ್ಲಿಯೇ ಹಾಕಿ, ತಿದ್ದಿಕೊಡುತ್ತೇನೆ.

ನಿವೃತ್ತ ಜಾಯಿಂಟರ್, ಶಿವಮೊಗ್ಗ

ಉದ್ದ, ಅಗಲ ಬರೆಯುವ ಮೊದಲು ದಾರಿಯ ನಕ್ಷೆ ನನಗೆ ತೋರಿಸಿ. ಹಳ್ಳ ದಾಟುವ ಕಡೆ ಮೋರಿಯ ಮೇಲ್ಬದಿಗೆ ಹೋಗಬೇಕೋ ಕೆಳಬದಿಗೋ ಎಂಬುದನ್ನು ಈಗಲೇ ಗುರುತಿಸಿದರೆ ಮಳೆಗಾಲದಲ್ಲಿ ಕೇಬಲ್ ಉಳಿಯುತ್ತದೆ.